ಮತಭೇದಗಳಿಗೆ ಇತಿಹಾಸವು ಮಧ್ಯಸ್ಥನಾಗಬಲ್ಲುದೇ?

ಜೈನ ಸಂಘವು ದಿಗಂಬರ, ಶ್ವೇತಾಂಬರ ಎಂದು ಎರಡಾದ ಕಥೆಯನ್ನು ಎರಡೂ ಪರಂಪರೆಗಳು ತಮ್ಮ ತಮ್ಮ ಗ್ರಂಥಗಳಲ್ಲಿ ಬರೆದಿಟ್ಟುಕೊಂಡಿವೆ. ದೇವಸೇನಾಚಾರ್ಯರು ವಿಕ್ರಮ ಸಂವತ್ 990ರಲ್ಲಿ ಧಾರಾನಗರದಲ್ಲಿ ಸಂಕಲಿಸಿದ ‘ದರ್ಶನಸಾರ’ದ ಪ್ರಕಾರ, ವಿಕ್ರಮರಾಜನ ಮರಣಾನಂತರದ 136ನೆಯ ವರ್ಷದಲ್ಲಿ ವಲಭಿಯಲ್ಲಿ ಶ್ವೇತಪಟ ಸಂಘವು ಹುಟ್ಟಿತು. ಶ್ವೇತಾಂಬರರ ಆವಶ್ಯಕ ಸಾಹಿತ್ಯದ ಪ್ರಕಾರ, ವೀರನಿರ್ವಾಣದ 609ನೆಯ ವರ್ಷದಲ್ಲಿ ರಥವೀರಪುರದಲ್ಲಿ ಶಿವಭೂತಿ ಎಂಬ ಮುನಿಯಿಂದ ಬೋಟಿಕ ಮತ, ಎಂದರೆ ನಗ್ನತ್ವವನ್ನು ಹಿಡಿದವರ ಮತ, ಹುಟ್ಟಿತು. ಮೊದಲನೆಯ ಕಾಲವನ್ನು ಕ್ರಿಸ್ತಶಕಕ್ಕೆ ತಿರುಗಿಸಿದರೆ ಸುಮಾರು 79 ಬರುತ್ತದೆ. ಎರಡನೆಯದನ್ನು ತಿರುಗಿಸಿದರೆ ಸುಮಾರು 82. ಅಂತರ ಮೂರೇ ವರ್ಷ. ಒಡಕು ಯಾವಾಗ ಆಯಿತೆಂಬ ವಿಷಯದಲ್ಲಿ ಇಷ್ಟೊಂದು ಹತ್ತಿರ ಬಂದ ಎರಡು ಪಕ್ಷಗಳು, ಯಾರಿಂದ ಯಾರು ಒಡೆದುಹೋದರು ಎಂಬಲ್ಲಿ ಮಾತ್ರ ನೇರವಾಗಿ ಎದುರುಬದುರು ನಿಂತಿವೆ. ಇವರಿಗೆ ಅವರು ಹೊಸಬರು, ಅವರಿಗೆ ಇವರು ಹೊಸಬರು.

ಇಂಥ ಸ್ಥಿತಿಯಲ್ಲಿ ಓದುಬಲ್ಲ ಶ್ರಾವಕನ ಮನಸ್ಸು ಸಹಜವಾಗಿಯೇ ಇತಿಹಾಸದ ಕಡೆಗೆ ತಿರುಗುತ್ತದೆ. ಗ್ರಂಥಗಳು ಪಕ್ಷಪಾತಿಗಳಾಗಿರಬಹುದು, ಕಲ್ಲು ಸುಳ್ಳು ಹೇಳಲಾರದು, ಶಾಸನ, ಮೂರ್ತಿ, ತಾಳೆಗರಿಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದರೆ ಸತ್ಯ ಹೊರಬರುತ್ತದೆ, ಸತ್ಯ ಹೊರಬಂದ ದಿನ ಜಗಳವೂ ಮುಗಿಯುತ್ತದೆ ಎಂಬ ನಂಬಿಕೆ ಅದು. ಕಳೆದ ನೂರೈವತ್ತು ವರ್ಷಗಳ ಜೈನ ವಿದ್ವತ್ತಿನ ಹಿಂದೆ ಈ ನಂಬಿಕೆ ಬಲವಾಗಿ ಕೆಲಸ ಮಾಡಿದೆ. ಇದು ಕೇವಲ ಪಂಡಿತರ ವಿನೋದವೂ ಅಲ್ಲ. ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಶಿರಪುರದಲ್ಲಿರುವ ಅಂತರಿಕ್ಷ ಪಾರ್ಶ್ವನಾಥ ಮಂದಿರದ ವಿವಾದವು 1929ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ತೀರ್ಮಾನವಾಯಿತು. ತೀರ್ಮಾನವಾದ ಮೇಲೂ ನಿಲ್ಲಲಿಲ್ಲ. ಮೂರ್ತಿಗೆ ಮಾಡುವ ಲೇಪದಲ್ಲಿ ಕಟಿಸೂತ್ರದ ಗುರುತು ಇರಬೇಕೇ ಬೇಡವೇ ಎಂಬುದು ಅಲ್ಲಿನ ವಾದದ ತಿರುಳು. ಸುಮಾರು ನಾಲ್ಕು ದಶಕಗಳ ಕಾಲ ಆ ಮಂದಿರಕ್ಕೆ ಬೀಗ ಬಿದ್ದಿತ್ತು. ಅದು ತೆರೆದದ್ದು 2023ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದ ಬಳಿಕ. ಒಂದು ತಲೆಮಾರಿನ ಮಕ್ಕಳು ಆ ಜಿನಬಿಂಬದ ಪೂಜೆಯನ್ನು ಕಾಣದೆಯೇ ದೊಡ್ಡವರಾದರು. ಆದುದರಿಂದ ಇತಿಹಾಸವು ಇಂಥ ವ್ಯಾಜ್ಯಗಳನ್ನು ಬಿಡಿಸಬಲ್ಲುದೇ ಎಂಬ ಪ್ರಶ್ನೆಯನ್ನು ನಿಧಾನವಾಗಿ, ನಿಜವಾದ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಕೇಳುವುದು ಅಗತ್ಯ.

ಮೊದಲು ಮಥುರೆಯ ಸಾಕ್ಷ್ಯವನ್ನು ನೋಡಬಹುದು. ಅಲ್ಲಿನ ಕಂಕಾಲೀ ದಿಬ್ಬವನ್ನು 1888ರಿಂದ 1891ರ ವರೆಗೆ ಅಗೆದಾಗ ಕುಷಾಣರ ಕಾಲದ ಜಿನಮೂರ್ತಿಗಳೂ ಆಯಾಗಪಟ್ಟಗಳೂ ದಾನಶಾಸನಗಳೂ ರಾಶಿಯಾಗಿ ದೊರೆತವು. ಕ್ರಿಸ್ತಶಕದ ಮೊದಲ ಶತಮಾನಗಳಿಗೆ ಸೇರಿದ, ಎಂದರೆ ಎರಡೂ ಪಕ್ಷಗಳು ಒಡಕಿಗೆ ಹೇಳುವ ಕಾಲದ ಆಸುಪಾಸಿನ ವಸ್ತುಗಳಿವು. ತೀರ್ಪು ಕೊಡಬಲ್ಲ ಸಾಕ್ಷಿ ಎಲ್ಲಿಯಾದರೂ ಇದ್ದರೆ ಇಲ್ಲಿಯೇ ಇರಬೇಕು. ಇಲ್ಲಿನ ತೀರ್ಥಂಕರ ಮೂರ್ತಿಗಳಲ್ಲಿ ವಸ್ತ್ರದ ಗುರುತಿಲ್ಲ. ನಿಂತ ಮೂರ್ತಿಗಳು ಸ್ಪಷ್ಟವಾಗಿ ದಿಗಂಬರ. ವಸ್ತ್ರ ತೊಟ್ಟ ತೀರ್ಥಂಕರ ಬಿಂಬಗಳಲ್ಲಿ ಅತಿ ಹಳೆಯದಾಗಿ ತಿಳಿದಿರುವುದು ಗುಜರಾತಿನ ಅಕೋಟಾದ ಕಂಚಿನ ಋಷಭನಾಥ, ಯು. ಪಿ. ಶಾಹ್ ಅದನ್ನು 5ನೆಯ ಶತಮಾನಕ್ಕೆ ಸೇರಿಸಿದ್ದಾರೆ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ದಿಗಂಬರ ಪಕ್ಷ ಗೆದ್ದಂತೆ. ಆದರೆ ಅದೇ ಮೂರ್ತಿಗಳ ಪೀಠದ ಮೇಲೆ ದಾನ ಮಾಡಿಸಿದ ಗುರುಗಳ ಗಣ, ಕುಲ, ಶಾಖೆಗಳ ಹೆಸರುಗಳು ಕೊರೆಯಲ್ಪಟ್ಟಿವೆ. ಜರ್ಮನ್ ವಿದ್ವಾಂಸ ಬ್ಯೂಲರ್ ಆ ಹೆಸರುಗಳನ್ನು ಓದಿ ಹೋಲಿಸಿದಾಗ ಅವು ತಾಳೆಯಾದದ್ದು ಶ್ವೇತಾಂಬರರ ಕಲ್ಪಸೂತ್ರದ ಸ್ಥವಿರಾವಳಿಯೊಡನೆ. ಆ ಗಣ-ಶಾಖೆಗಳು ದಿಗಂಬರ ಪಟ್ಟಾವಳಿಗಳಲ್ಲಿ ಇಲ್ಲ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಶ್ವೇತಾಂಬರ ಪಕ್ಷ ಗೆದ್ದಂತೆ.

ಇವೆರಡಕ್ಕೂ ಮೇಲಾಗಿ ಮೂರನೆಯದೊಂದು ಸಂಗತಿಯಿದೆ. ಮಥುರೆಯ ಉಬ್ಬುಶಿಲ್ಪಗಳಲ್ಲಿ ಕಾಣಿಸುವ ಕೆಲವು ಮುನಿಗಳು ನಗ್ನರು. ಆದರೆ ಮುಂಗೈಯ ಮೇಲೆ ಒಂದು ಬಟ್ಟೆಯ ತುಂಡನ್ನು ಇಳಿಬಿಟ್ಟು ಮರೆಮಾಡಿಕೊಂಡಿದ್ದಾರೆ. ಕಣ್ಹ ಎಂಬ ಶ್ರಮಣನ ಶಿಲ್ಪ ಇವುಗಳಲ್ಲಿ ಪ್ರಸಿದ್ಧ. ಹರಿಷೇಣಾಚಾರ್ಯರು 931ರಲ್ಲಿ ರಚಿಸಿದ ‘ಬೃಹತ್ಕಥಾಕೋಶ’ದಲ್ಲಿ, ದುರ್ಭಿಕ್ಷದ ಕಾಲದಲ್ಲಿ ಉತ್ತರದಲ್ಲೇ ಉಳಿದ ಮುನಿಗಳು ಅರ್ಧವಸ್ತ್ರವನ್ನು ಹಿಡಿದು ‘ಅರ್ಧಫಾಲಕ’ರಾದರು, ಅವರಿಂದ ಮುಂದೆ ಶ್ವೇತಪಟರು ಬಂದರು ಎಂಬ ಕಥೆಯಿದೆ. ಬಹುಕಾಲ ಇದು ಎದುರು ಪಕ್ಷವನ್ನು ಹಳಿಯಲು ಕಟ್ಟಿದ ಕಥೆಯೆಂದೇ ಹಲವರು ತಿಳಿದಿದ್ದರು. ಮಥುರೆಯ ಕಲ್ಲಿನಲ್ಲಿ ಆ ಅರ್ಧಫಾಲಕರು ಕಣ್ಣಿಗೇ ಕಾಣಿಸಿಕೊಂಡರು. ಆದರೆ ಕಥೆ ಹೇಳುವಂತೆ ಭ್ರಷ್ಟರಾಗಿ ಅಲ್ಲ. ವಂದನೀಯರಾಗಿ, ಆಯಾಗಪಟ್ಟಗಳ ಮೇಲೆ ಗೌರವದ ಸ್ಥಾನದಲ್ಲಿ. ಇವರನ್ನು ಯಾವ ಪಕ್ಷಕ್ಕೆ ಸೇರಿಸುವುದು? ಮಥುರೆಯ ಸಂಘವನ್ನು ಇಂದಿನ ಎರಡು ಹೆಸರುಗಳಲ್ಲಿ ಒಂದರಿಂದ ಕರೆಯುವುದೇ ತಪ್ಪು ಎಂಬುದು ಆ ಸಾಮಗ್ರಿಯನ್ನು ಪೂರ್ತಿಯಾಗಿ ನೋಡಿದವರಿಗೆ ಹೊಳೆಯುತ್ತದೆ. ಭಿನ್ನತೆ ಒಂದು ಊರಿನಲ್ಲಿ ಒಂದು ವರ್ಷದಲ್ಲಿ ಸಿಡಿದದ್ದಲ್ಲ, ನಿಧಾನವಾಗಿ ಬೆಳೆದದ್ದು. ಹಾಗಾದರೆ 79 ಮತ್ತು 82 ಎಂಬ ಎರಡು ವರ್ಷಗಳೂ ನಿಂತ ನೆಲ ಕುಸಿಯುತ್ತದೆ. ‘ಅವರು ಹೊಸಬರು’ ಎಂಬ ಎರಡು ಕಡೆಯ ವಾದವೂ ಅದರೊಡನೆ ಕುಸಿಯುತ್ತದೆ. ಇದು ಇತಿಹಾಸ ಮಾಡಿದ ದೊಡ್ಡ ಉಪಕಾರವೇ. ಆದರೆ ಮುನಿಗೆ ವಸ್ತ್ರ ಸಲ್ಲುವುದೇ ಎಂಬ ಪ್ರಶ್ನೆ ಇದ್ದಲ್ಲಿಯೇ ಇದೆ.

ಅದು ಇದ್ದಲ್ಲಿಯೇ ಏಕೆ ಉಳಿಯುತ್ತದೆ ಎಂಬುದನ್ನು ತಿಳಿಯಲು ಶಾಸನಗಳನ್ನು ಬಿಟ್ಟು ಶ್ವೇತಾಂಬರ ಆಗಮಗಳನ್ನೇ ತೆರೆಯಬೇಕು. ದಿಗಂಬರ ಸಮಾಜದಲ್ಲಿ ಈ ಗ್ರಂಥಗಳನ್ನು ಓದುವವರು ಕಡಿಮೆ. ಓದದೆಯೇ ತೀರ್ಮಾನಿಸುವವರು ಕಡಿಮೆಯಿಲ್ಲ. ಭಗವಾನ್ ಮಹಾವೀರರು ದೀಕ್ಷೆಯ ಬಳಿಕ ಒಂದು ವರ್ಷ ಒಂದು ತಿಂಗಳ ಕಾಲ ವಸ್ತ್ರವನ್ನು ಧರಿಸಿದ್ದು, ಅನಂತರ ನಗ್ನರಾಗಿಯೇ ವಿಹರಿಸಿದರೆಂದು ಕಲ್ಪಸೂತ್ರವೇ ಹೇಳುತ್ತದೆ. ಉತ್ತರಾಧ್ಯಯನದ 23ನೆಯ ಅಧ್ಯಯನದಲ್ಲಿ ಪಾರ್ಶ್ವನಾಥರ ಪರಂಪರೆಯ ಕೇಶಿಮುನಿಗೂ ಮಹಾವೀರರ ಶಿಷ್ಯ ಗೌತಮರಿಗೂ ನಡೆದ ಸಂವಾದವು, ಒಂದು ಸಂಘ ಸಚೇಲ, ಇನ್ನೊಂದು ಅಚೇಲ ಏಕೆ ಎಂಬ ಪ್ರಶ್ನೆಯನ್ನೂ ಎತ್ತಿಕೊಳ್ಳುತ್ತದೆ. ಎಂದರೆ ಭಗವಾನರು ದಿಗಂಬರರಾಗಿದ್ದರೇ ಎಂಬ ಐತಿಹಾಸಿಕ ಪ್ರಶ್ನೆಯಲ್ಲಿ ದೊಡ್ಡ ವಿವಾದವೇ ಇಲ್ಲ. ಶ್ವೇತಾಂಬರರ ನಿಲುವು ಬೇರೆಯದು: ಅದು ಜಿನಕಲ್ಪ, ಜಂಬೂಸ್ವಾಮಿಗಳ ಬಳಿಕ ಅದನ್ನು ನಡೆಸುವ ಸಾಮರ್ಥ್ಯ ಲೋಕದಲ್ಲಿ ಉಳಿಯಲಿಲ್ಲ, ಇಂದಿನ ಮುನಿಗೆ ಸ್ಥವಿರಕಲ್ಪವೇ ಮಾರ್ಗ. ದಿಗಂಬರರ ನಿಲುವಾದರೋ, ವಸ್ತ್ರವೆಂಬ ಪರಿಗ್ರಹವಿರುವವರೆಗೆ ಮಹಾವ್ರತವೇ ಪೂರ್ಣವಾಗದು, ಕಾಲ ಯಾವುದೇ ಆಗಿರಲಿ. ನಡೆದ ಸಂಗತಿಯನ್ನು ಇಬ್ಬರೂ ಒಪ್ಪಿದ್ದಾರೆ, ಒಪ್ಪಿಯೂ ಬೇರೆಯಾಗಿದ್ದಾರೆ. ಸಂಗತಿಯಲ್ಲಿ ಇಲ್ಲದ ಭೇದವನ್ನು ಸಂಗತಿಗಳ ಶೋಧನೆಯಿಂದ ಪರಿಹರಿಸುವುದು ಹೇಗೆ?

ಹಾಗೆಂದು ಇತಿಹಾಸ ಏನನ್ನೂ ತೀರ್ಮಾನಿಸಲಾರದು ಎನ್ನುವುದೂ ತಪ್ಪಾಗುತ್ತದೆ. 19ನೆಯ ಶತಮಾನದಲ್ಲಿ ಲಾಸೆನ್, ವೆಬರ್ ಮೊದಲಾದ ಯುರೋಪಿನ ವಿದ್ವಾಂಸರು ಜೈನಧರ್ಮವನ್ನು ಬೌದ್ಧಧರ್ಮದ ಒಂದು ಟಿಸಿಲೆಂದು ಬರೆದಿದ್ದರು. ಹರ್ಮನ್ ಯಾಕೋಬಿ 1879ರಲ್ಲಿ ಕಲ್ಪಸೂತ್ರದ ತನ್ನ ಸಂಪಾದನೆಯ ಪೀಠಿಕೆಯಲ್ಲಿ, ಬೌದ್ಧರ ಪಾಲಿ ಗ್ರಂಥಗಳ ನಿಗಂಠ ನಾತಪುತ್ತನು ಮಹಾವೀರರೇ ಎಂಬುದನ್ನು ಮುಂದಿಟ್ಟು ಆ ಮಾತನ್ನು ನಿವಾರಿಸಿದರು. ಇಂದು ಅದನ್ನು ಯಾರೂ ಎತ್ತುವುದಿಲ್ಲ. ಅದು ಘಟನೆಯ ಕುರಿತ ಹೇಳಿಕೆಯಾಗಿತ್ತು. ಘಟನೆಯ ಸಾಕ್ಷ್ಯದಿಂದ ಬಿದ್ದುಹೋಯಿತು. ಜೈನಧರ್ಮ ಬೇರೆಯದೆಂದು ಸಿದ್ಧವಾದ ಮಾತ್ರಕ್ಕೆ ಯಾಕೋಬಿ ಜಿನಶ್ರದ್ಧೆಯನ್ನು ತಾಳಬೇಕಾಗಲೂ ಇಲ್ಲ.

ಕನ್ನಡಿಗರಿಗೆ ಹೆಚ್ಚು ಹತ್ತಿರದ, ಹೆಚ್ಚು ಮುಜುಗರದ ಉದಾಹರಣೆ ಶ್ರವಣಬೆಳಗೊಳದ್ದು. ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯ ಸಮೀಪದ ಬಂಡೆಯಲ್ಲಿ ಸುಮಾರು 600ರ ಕಾಲದ, ಹಳಗನ್ನಡ ಲಿಪಿಯ ಸಂಸ್ಕೃತ ಶಾಸನವೊಂದಿದೆ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ ಅದು ಮೊದಲನೆಯ ಸಂಖ್ಯೆಯದು. ಭದ್ರಬಾಹು ಶ್ರುತಕೇವಲಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಸಂಘಸಮೇತರಾಗಿ ದಕ್ಷಿಣಕ್ಕೆ ಬಂದರು, ಮೌರ್ಯ ಚಂದ್ರಗುಪ್ತನು ರಾಜ್ಯ ತೊರೆದು ಶಿಷ್ಯನಾಗಿ ಅವರೊಡನೆ ಬಂದನು, ಇಬ್ಬರೂ ಕಟವಪ್ರದಲ್ಲಿ ದೇಹಬಿಟ್ಟರು ಎಂಬ ಪರಂಪರೆಗೆ ಈ ಶಾಸನವನ್ನೇ ಮುಖ್ಯ ಆಧಾರವಾಗಿ ಹೇಳುವುದು ವಾಡಿಕೆ. ಶ್ವೇತಾಂಬರ ಪರಂಪರೆಯಲ್ಲಿ ಭದ್ರಬಾಹುಗಳು ದಕ್ಷಿಣಕ್ಕೆ ಬಂದ ಮಾತಿಲ್ಲ. ಅವರು ಆ ಕಾಲದಲ್ಲಿ ನೇಪಾಳದಲ್ಲಿ ಮಹಾಪ್ರಾಣ ಧ್ಯಾನದಲ್ಲಿದ್ದರು, ಪಾಟಲಿಪುತ್ರದ ಸಂಘವು ಸ್ಥೂಲಭದ್ರರನ್ನು ಅವರಲ್ಲಿಗೆ ಪೂರ್ವಗಳ ಅಧ್ಯಯನಕ್ಕೆ ಕಳುಹಿಸಿತು ಎಂದು ಅದು ಹೇಳುತ್ತದೆ. ಆದುದರಿಂದ ಚಿಕ್ಕಬೆಟ್ಟದ ಬಂಡೆಯು ಸ್ಥಳಪುರಾಣದ ಸಾಕ್ಷಿ ಮಾತ್ರವಲ್ಲ, ಮತಭೇದದ ಸಾಕ್ಷಿಯೂ ಆಗಿಬಿಟ್ಟಿದೆ.

ಆ ಶಾಸನವನ್ನು ಓದಿ ನೋಡಿದರೆ ಚಂದ್ರಗುಪ್ತನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಗೌತಮರಿಂದ ಆರಂಭಿಸಿ ಗುರುಪರಂಪರೆಯನ್ನು ಹೇಳುವಾಗ ಒಬ್ಬ ಭದ್ರಬಾಹು ಬರುತ್ತಾರೆ. ಅವರ ಬಳಿಕ ವಿಶಾಖರೇ ಮೊದಲಾದ ಹಲವು ಆಚಾರ್ಯರ ಹೆಸರುಗಳು ಬಂದ ಮೇಲೆ, ಆ ಪರಂಪರೆಗೆ ಸೇರಿದ, ನಿಮಿತ್ತಜ್ಞಾನದಿಂದ ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯವನ್ನು ಮುನ್ನುಡಿದ ಭದ್ರಬಾಹುಸ್ವಾಮಿಯ ಮಾತು ಬರುತ್ತದೆ. ಇವರಿಬ್ಬರೂ ಒಬ್ಬರೇ, ಬೇರೆಯವರೇ? ಫ್ಲೀಟ್ ಬೇರೆಯವರೆಂದರು, ರೈಸ್ ಒಬ್ಬರೇ ಎಂದರು. ಕಟವಪ್ರದಲ್ಲಿ ಸನ್ಯಸನ ಮಾಡಿದ ಆಚಾರ್ಯರು ಪ್ರಭಾಚಂದ್ರರೋ, ಅಥವಾ ಪ್ರಭಾಚಂದ್ರರೆಂಬ ಶಿಷ್ಯರೊಡನೆ ಇದ್ದ ಭದ್ರಬಾಹುಗಳೋ ಎಂಬುದು ಒಂದೆರಡು ಅಕ್ಷರಗಳನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ನಿಂತಿದೆ. ಪ್ರಭಾಚಂದ್ರ ಎಂಬುದು ಚಂದ್ರಗುಪ್ತನ ದೀಕ್ಷಾನಾಮವೆಂದು ರೈಸ್ ಊಹಿಸಿದರು. ಭದ್ರಬಾಹು-ಚಂದ್ರಗುಪ್ತರನ್ನು ಜೊತೆಯಾಗಿ ಹೆಸರಿಸುವ ಅತಿ ಹಳೆಯ ಶಾಸನ ಅದೇ ಬೆಟ್ಟದ ಇನ್ನೊಂದು. ಅದರ ಕಾಲ ಸುಮಾರು 650. ಶ್ರೀರಂಗಪಟ್ಟಣದ ಬಳಿಯ ಸುಮಾರು 900ರ ಎರಡು ಶಾಸನಗಳು ಕಳ್ಬಪ್ಪಿನ ಶಿಖರದಲ್ಲಿ ಇವರಿಬ್ಬರ ಪಾದಮುದ್ರೆಗಳಿವೆ ಎನ್ನುತ್ತವೆ. ಪರಂಪರೆ ಹಳೆಯದು, ಗಟ್ಟಿಯಾದುದು. ಮೊದಲು ಸಂಶಯದಿಂದಿದ್ದ ವಿನ್ಸೆಂಟ್ ಸ್ಮಿತ್ ಕೊನೆಗೆ ಚಂದ್ರಗುಪ್ತನ ವೈರಾಗ್ಯದ ಕಥೆಯನ್ನು ಒಪ್ಪುವತ್ತ ವಾಲಿದ್ದೂ ಉಂಟು. ಆದರೆ ಮೌರ್ಯನಿಗೂ ಈ ಶಾಸನಗಳಿಗೂ ನಡುವೆ ಒಂಬೈನೂರು ವರ್ಷಗಳಿವೆ ಎಂಬುದನ್ನು ಮರೆಯುವಂತಿಲ್ಲ.

ಇಷ್ಟೇ ಆಗಿದ್ದರೆ ಪಂಡಿತರ ಚರ್ಚೆಯೆಂದು ಬಿಡಬಹುದಿತ್ತು. ತೊಡಕು ಮನೆಯೊಳಗೇ ಇದೆ. ದಿಗಂಬರ ಪರಂಪರೆಯ ಗಣನೆಯಲ್ಲಿ ವೀರನಿರ್ವಾಣದ ಬಳಿಕ ಮೂವರು ಕೇವಲಿಗಳ ಕಾಲ 62 ವರ್ಷ, ಐವರು ಶ್ರುತಕೇವಲಿಗಳ ಕಾಲ 100 ವರ್ಷ. ಭದ್ರಬಾಹುಗಳ ಕಾಲ ಮುಗಿಯುವುದು 162ನೆಯ ವರ್ಷದಲ್ಲಿ. ಎಲ್ಲ ಪಂಚಾಂಗಗಳೂ ಒಪ್ಪಿರುವಂತೆ ನಿರ್ವಾಣವು ಕ್ರಿಸ್ತಪೂರ್ವ 527ರಲ್ಲಿ ಆಗಿದ್ದರೆ, ಭದ್ರಬಾಹುಗಳು ಕ್ರಿಸ್ತಪೂರ್ವ 365ರಲ್ಲಿ ದೇಹಬಿಟ್ಟರು. ಮೌರ್ಯ ಚಂದ್ರಗುಪ್ತನು ಪಟ್ಟಕ್ಕೆ ಬಂದದ್ದೇ ಕ್ರಿಸ್ತಪೂರ್ವ 321ರ ಸುಮಾರಿಗೆ. ಗುರು ಹೋದ ನಲವತ್ತು ವರ್ಷಗಳಾದ ಮೇಲೆ ಅರಸನಾದವನು, ಅರಸುತನವನ್ನು ಬಿಟ್ಟು ಆ ಗುರುವಿನ ಕೈಯಲ್ಲಿ ದೀಕ್ಷೆ ಪಡೆಯಲಾರನು. ಶ್ವೇತಾಂಬರರ ಗಣನೆಯೂ ಇದೇ ಬಗೆಯದು: ಭದ್ರಬಾಹುಗಳಿಗೆ 170ನೆಯ ವರ್ಷ. ಹೇಮಚಂದ್ರರು ಚಂದ್ರಗುಪ್ತನ ಪಟ್ಟವನ್ನು ನಿರ್ವಾಣದ 155ನೆಯ ವರ್ಷಕ್ಕೆ ತಂದು ಇಬ್ಬರನ್ನೂ ಸಮಕಾಲೀನರನ್ನಾಗಿಸಿದರು. ಅದನ್ನು ಹಿಡಿದರೆ ನಿರ್ವಾಣದ ವರ್ಷವನ್ನೇ ಐವತ್ತು ವರ್ಷ ಕೆಳಗೆ ಸರಿಸಬೇಕು, ಯಾಕೋಬಿ ಹಾಗೆಯೇ ಮಾಡಿದರು. ನಿರ್ವಾಣದ ವರ್ಷ, ಆಚಾರ್ಯರ ಕಾಲಗಣನೆ, ಬೆಳಗೊಳದ ಕಥೆ, ಈ ಮೂರನ್ನೂ ಒಟ್ಟಿಗೆ ಇದ್ದ ಹಾಗೆಯೇ ಇಟ್ಟುಕೊಳ್ಳಲು ಸಾಧ್ಯವಿಲ್ಲ. ಕನ್ನಡದ ವಡ್ಡಾರಾಧನೆಯು ಭದ್ರಬಾಹು ಭಟ್ಟಾರರ ಕಥೆಯಲ್ಲಿ ಮೌರ್ಯವಂಶದ ಮೊದಲ ಚಂದ್ರಗುಪ್ತನನ್ನು ಬಿಟ್ಟು, ಅಶೋಕನ ತರುವಾಯದ ಸಂಪ್ರತಿ ಚಂದ್ರಗುಪ್ತನನ್ನು ತರುತ್ತದೆ. ಹರಿಷೇಣರ ಪ್ರಕಾರ ಭದ್ರಬಾಹುಗಳು ದಕ್ಷಿಣಕ್ಕೆ ಬರಲೇ ಇಲ್ಲ. ಉಜ್ಜಯಿನಿಯ ಕಡೆಯ ಭಾದ್ರಪದ ದೇಶದಲ್ಲಿ ಸಮಾಧಿ ಹೊಂದಿದರು, ಪುನ್ನಾಟಕ್ಕೆ ಸಂಘವನ್ನು ಕರೆತಂದವನು ವಿಶಾಖಾಚಾರ್ಯನೆಂಬ ಹೆಸರು ತಾಳಿದ ಚಂದ್ರಗುಪ್ತ. ಹರಿಷೇಣರು ಶ್ವೇತಾಂಬರರಲ್ಲ, ಪುನ್ನಾಟ ಸಂಘಕ್ಕೇ ಸೇರಿದ ದಿಗಂಬರ ಆಚಾರ್ಯರು.

ಸಭೆಗಳಲ್ಲಿ ಈ ಶಾಸನವನ್ನು ಎತ್ತಿ ಹಿಡಿದು ‘ಇತಿಹಾಸವೇ ಹೇಳಿದೆ’ ಎನ್ನುವವರು ಹರಿಷೇಣರ ಮಾತು ಬಂದಾಗ ‘ಅದು ಕಥೆ’ ಎನ್ನುತ್ತಾರೆ. 162 ವರ್ಷಗಳ ಗಣನೆ ಬಂದಾಗ ‘ಆಚಾರ್ಯರ ವಚನವನ್ನು ಲೆಕ್ಕಕ್ಕೆ ಹಚ್ಚಬಾರದು’ ಎನ್ನುತ್ತಾರೆ. ಸಾಕ್ಷಿಯನ್ನು ಕಟಕಟೆಗೆ ಕರೆದವರು ಅವನ ಪಾಟೀಸವಾಲನ್ನೂ ಕೇಳಬೇಕಾಗುತ್ತದೆ. ಅನುಕೂಲವಾದ ಮಾತಿಗೆ ಮಾತ್ರ ಇತಿಹಾಸವನ್ನು ಕರೆಯುವುದು ಶ್ರದ್ಧೆಗೂ ಗೌರವವಲ್ಲ, ವಿದ್ವತ್ತಿಗೂ ಅಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳದ್ದು. ಷಟ್ಖಂಡಾಗಮವು ವೀರಸೇನಾಚಾರ್ಯರ ‘ಧವಳಾ’ ಟೀಕೆಯೊಡನೆ ಶತಮಾನಗಳ ಕಾಲ ಅಲ್ಲಿ ಮಾತ್ರ ಉಳಿದಿತ್ತು. ಅಲ್ಲಿಂದ ಹೊರಬಂದ ಪ್ರತಿಗಳ ಪ್ರತಿಗಳನ್ನು ಹಿಡಿದು ಹೀರಾಲಾಲ್ ಜೈನ್ ಮತ್ತು ಅವರ ಸಹಸಂಪಾದಕರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಅದರ 93ನೆಯ ಸೂತ್ರ ಮನುಷ್ಯಸ್ತ್ರೀಯರಿಗೆ ಪರ್ಯಾಪ್ತ ಸ್ಥಿತಿಯಲ್ಲಿ ಯಾವ ಯಾವ ಗುಣಸ್ಥಾನಗಳು ಎಂದು ಹೇಳುವ ಸೂತ್ರ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಪಟ್ಟಿ ‘ಸಂಜದಾಸಂಜದ’, ಎಂದರೆ ಐದನೆಯ ಗುಣಸ್ಥಾನಕ್ಕೆ, ನಿಂತಿತ್ತು. ಆದರೆ ವೀರಸೇನರ ಟೀಕೆ ಅಲ್ಲಿಗೆ ನಿಲ್ಲದೆ, ಈ ಆರ್ಷವಚನದಿಂದ ದ್ರವ್ಯಸ್ತ್ರೀಯರಿಗೂ ನಿರ್ವಾಣ ಸಿದ್ಧವಾಗುವುದಿಲ್ಲವೇ ಎಂಬ ಶಂಕೆಯನ್ನೆತ್ತಿ ಸಮಾಧಾನ ಹೇಳುತ್ತದೆ. ಐದಕ್ಕೇ ನಿಂತ ಸೂತ್ರದಿಂದ ಅಂಥ ಶಂಕೆ ಹುಟ್ಟುವುದೇ ಇಲ್ಲ. ಆದುದರಿಂದ ಮೂಲದಲ್ಲಿ ‘ಸಂಜದ’ ಎಂಬ ಪದವೂ ಇದ್ದಿರಬೇಕೆಂದು ಸಂಪಾದಕರು ಊಹಿಸಿ ಸೂಚಿಸಿದರು. ಮೂರಕ್ಷರದ ಆ ಪದದ ಸುತ್ತ ಎದ್ದ ಗದ್ದಲ ಸಣ್ಣದಲ್ಲ. ಪದ ಇದ್ದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತೆ, ಶ್ವೇತಾಂಬರರಿಗೆ ಸೋತಂತೆ ಎಂದು ಹೆದರಿದವರಿದ್ದರು. ಸೇರಿಸಿದವರ ಸಮ್ಯಕ್ತ್ವವನ್ನೇ ಶಂಕಿಸಿದವರಿದ್ದರು. ಕೊನೆಗೆ ಮೂಡಬಿದಿರೆಯ ತಾಳೆಗರಿಯನ್ನೇ ನೋಡಿದಾಗ ‘ಸಂಜದ’ ಅಲ್ಲಿ ಇತ್ತು. ನಕಲು ಮಾಡಿದವರ ಕೈಯಲ್ಲಿ ಬಿಟ್ಟುಹೋಗಿತ್ತು, ಅಷ್ಟೆ. ಒಂದೇ ಬಗೆಯ ಎರಡು ಪದಗಳು ಪಕ್ಕಪಕ್ಕದಲ್ಲಿ ಬಂದಾಗ ಲಿಪಿಕಾರನ ಕಣ್ಣು ಒಂದನ್ನು ದಾಟಿಹೋಗುವುದು ಹಸ್ತಪ್ರತಿಗಳಲ್ಲಿ ದಿನನಿತ್ಯದ ಸಂಗತಿ.

ಗ್ರಂಥಸಂಪಾದನಾಶಾಸ್ತ್ರದ ದೃಷ್ಟಿಯಿಂದ ಇದೊಂದು ಸುಂದರ ವಿಜಯ: ಊಹಿಸಿದ ಪಾಠವು ಮೂಲಪ್ರತಿಯಲ್ಲಿ ಸಿಕ್ಕಿತು. ಸ್ತ್ರೀಮುಕ್ತಿಯ ವಿವಾದ ಅದರಿಂದ ಮುಗಿಯಿತೇ? ಇಲ್ಲ. ‘ಮನುಷ್ಯಿಣಿ’ ಎಂದರೆ ಇಲ್ಲಿ ಶರೀರದಿಂದ ಸ್ತ್ರೀಯಾದವಳಲ್ಲ, ಪುರುಷಶರೀರದಲ್ಲಿದ್ದು ಸ್ತ್ರೀವೇದದ ಉದಯವುಳ್ಳ ಭಾವಸ್ತ್ರೀ ಎಂಬುದು ದಿಗಂಬರರ ಸಮಾಧಾನ. ದ್ರವ್ಯಸ್ತ್ರೀ ಸವಸ್ತ್ರಳಾದುದರಿಂದ ಅವಳಿಗೆ ಪೂರ್ಣಸಂಯಮವಿಲ್ಲ ಎಂದು ವೀರಸೇನರು ಬಹು ಹಿಂದೆಯೇ ಉತ್ತರಿಸಿದ್ದರು. ಪದ ಮಾತ್ರ ತೀರ್ಮಾನವಾಯಿತು. ಪದಾರ್ಥ ಹಾಗೆಯೇ ಉಳಿಯಿತು. ತತ್ತ್ವಾರ್ಥಸೂತ್ರದ ಕಥೆಯೂ ಹೀಗೆಯೇ. ಜಿನನಲ್ಲಿ ಹನ್ನೊಂದು ಪರೀಷಹಗಳೆಂಬ ಸೂತ್ರ ದಿಗಂಬರರ 357 ಸೂತ್ರಗಳ ಪಾಠದಲ್ಲಿಯೂ ಇದೆ, ಶ್ವೇತಾಂಬರರ 344 ಸೂತ್ರಗಳ ಪಾಠದಲ್ಲಿಯೂ ಇದೆ. ಆ ಹನ್ನೊಂದರಲ್ಲಿ ಹಸಿವೂ ಸೇರಿದೆ. ಅದನ್ನು ಹಿಡಿದು ಅವರು ಕೇವಲಿಗೆ ಆಹಾರವುಂಟು ಎನ್ನುತ್ತಾರೆ, ಇವರು ಅದು ಉಪಚಾರದ ಮಾತು ಎನ್ನುತ್ತಾರೆ.

ಇಲ್ಲಿ ಕೆಲವರು ಅನೇಕಾಂತದ ಹೆಸರು ತೆಗೆದು, ಎರಡೂ ಸರಿ ಎಂದು ಮಾತು ಮುಗಿಸಿಬಿಡುತ್ತಾರೆ. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಭದ್ರಬಾಹುಗಳು ಕಟವಪ್ರದಲ್ಲಿ ದೇಹಬಿಟ್ಟರು, ಇಲ್ಲವೇ ಬಿಡಲಿಲ್ಲ. ತಾಳೆಗರಿಯಲ್ಲಿ ‘ಸಂಜದ’ ಇದೆ, ಇಲ್ಲವೇ ಇಲ್ಲ. ಯಾವ ಅಪೇಕ್ಷೆಯಿಂದ ಹೇಳಿದ ಮಾತು ಎಂದು ಕೇಳುವುದು ಸ್ಯಾದ್ವಾದವೇ ಹೊರತು, ಕೇಳದೆ ಒಪ್ಪಿಬಿಡುವುದು ಅಲ್ಲ. ಉಮಾಸ್ವಾತಿಗಳು ಸಮ್ಯಗ್ದರ್ಶನದ ಲಕ್ಷಣದಲ್ಲಿ ಶ್ರದ್ಧೆಗೆ ವಿಷಯವಾಗಿ ಇಟ್ಟದ್ದು ಜೀವ, ಅಜೀವ ಮೊದಲಾದ ಏಳು ತತ್ತ್ವಗಳನ್ನು. ಯಾವ ಅರಸ ಯಾವ ಬೆಟ್ಟಕ್ಕೆ ಬಂದ, ಯಾವ ಸಂಘ ಯಾವ ವರ್ಷದಲ್ಲಿ ಹುಟ್ಟಿತು ಎಂಬುದು ಆ ಪಟ್ಟಿಯಲ್ಲಿಲ್ಲ. ಸಮಂತಭದ್ರರು ‘ಆಪ್ತಮೀಮಾಂಸೆ’ಯ ಆರಂಭದಲ್ಲಿಯೇ, ದೇವತೆಗಳ ಆಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುತ್ತವೆಯಾದ್ದರಿಂದ ಅವುಗಳಿಂದ ಜಿನನು ಪೂಜ್ಯನಲ್ಲ ಎಂದು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕುತ್ತಾರೆ, ಯುಕ್ತಿಗೆ ವಿರೋಧವಿಲ್ಲದ ವಚನದಿಂದ ಆಪ್ತತ್ವವನ್ನು ನಿಲ್ಲಿಸುತ್ತಾರೆ. ದೇವಾಗಮನವನ್ನೇ ಪ್ರಮಾಣವೆಂದು ಒಪ್ಪದ ಪರಂಪರೆಯು ಹಳತನವನ್ನು ಪ್ರಮಾಣವೆಂದು ಹಿಡಿದು ಕೋರ್ಟು ಕಚೇರಿ ಅಲೆಯುತ್ತಿರುವುದು ವಿಚಿತ್ರವೇ ಸರಿ. ಎರಡೂ ಪಂಗಡಗಳು ತಮ್ಮವರೆನ್ನುವ ಸಿದ್ಧಸೇನರಂತೂ ಪುರಾತನವೆಂಬ ಒಂದೇ ಕಾರಣಕ್ಕೆ ಹೊಗಳುವವರನ್ನು ಒಂದು ದ್ವಾತ್ರಿಂಶಿಕೆಯಲ್ಲಿ ಮನಸಾರೆ ಹಾಸ್ಯ ಮಾಡಿದ್ದಾರೆ.

ಹಾಗಾದರೆ ಶ್ರಾವಕನು ಇತಿಹಾಸವನ್ನು ಓದಬೇಕಾದದ್ದು ಏತಕ್ಕೆ? ಅದು ಮರೆತುಹೋದವರನ್ನು ನೆನಪಿಗೆ ತರುತ್ತದೆ. ಇದು ಸಣ್ಣ ಪ್ರಯೋಜನವಲ್ಲ. ಯಾಪನೀಯರ ವಿಷಯವನ್ನೇ ನೋಡಬಹುದು. ಮುನಿಗಳಿಗೆ ನಗ್ನತ್ವ ಬೇಕೆಂದು ಹೇಳಿ, ಸ್ತ್ರೀಗೂ ಮುಕ್ತಿಯುಂಟು, ಕೇವಲಿಗೂ ಆಹಾರವುಂಟು ಎಂದು ಒಪ್ಪಿದ ಈ ಸಂಘವು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳ ಹತ್ತಿರ ಬಾಳಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನರು ಈ ಸಂಘದವರು. ಸ್ತ್ರೀನಿರ್ವಾಣವನ್ನು ಸಮರ್ಥಿಸಿ ಒಂದು, ಕೇವಲಿಭುಕ್ತಿಯನ್ನು ಸಮರ್ಥಿಸಿ ಒಂದು ಪ್ರಕರಣವನ್ನು ಬರೆದವರು. ಇಂದು ಯಾಪನೀಯರೆಂದು ಹೇಳಿಕೊಳ್ಳುವವರು ಒಬ್ಬರೂ ಇಲ್ಲ. ನಾಥೂರಾಮ್ ಪ್ರೇಮಿ, ಬೆಳಗಾವಿ ಸೀಮೆಯ ಸದಲಗದ ಆ. ನೇ. ಉಪಾಧ್ಯೆ ಮೊದಲಾದವರು ಅಗೆದು ತೆಗೆಯದಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ. ಅವರ ಶೋಧನೆಯಂತೆ ‘ಭಗವತೀ ಆರಾಧನೆ’ಯ ಶಿವಾರ್ಯರೂ ಅದರ ಟೀಕಾಕಾರ ಅಪರಾಜಿತಸೂರಿಗಳೂ ಈ ಯಾಪನೀಯ ವಲಯದವರೇ. ಶ್ವೇತಾಂಬರ ಆಗಮಗಳನ್ನು ನಿಸ್ಸಂಕೋಚವಾಗಿ ಉದಾಹರಿಸುವ ಟೀಕೆ ಅದು. ಆ ಭಗವತೀ ಆರಾಧನೆಯ ಗಾಹೆಗಳ ಮೇಲೆಯೇ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ನಿಂತಿವೆ. ಕನ್ನಡದ ಮೊದಲ ಗದ್ಯಕೃತಿಯನ್ನು ಓದುವ ದಿಗಂಬರ ಶ್ರಾವಕನು ತನಗೆ ತಿಳಿಯದೆಯೇ ಸ್ತ್ರೀಮುಕ್ತಿಯನ್ನು ಒಪ್ಪಿದವರ ಬೋಧಿ-ಸಮಾಧಿಯ ಮಾತುಗಳಿಂದ ಕಣ್ಣು ತೋಯಿಸಿಕೊಂಡಿದ್ದಾನೆ. ಇದನ್ನು ತಿಳಿದ ಮೇಲೆ ಅವನು ತನ್ನ ಸಿದ್ಧಾಂತವನ್ನು ಬಿಡಬೇಕಾಗಿಲ್ಲ. ಆದರೆ ಎದುರಿನವನು ಮಿಥ್ಯಾದೃಷ್ಟಿ ಎನ್ನುವ ಮೊದಲು ನಾಲಿಗೆ ಒಂದು ಕ್ಷಣ ತಡೆಯುತ್ತದೆ.

1974ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ವರ್ಷ, ವಿನೋಬಾ ಭಾವೆಯವರ ಒತ್ತಾಸೆಯಿಂದ ಜಿನೇಂದ್ರ ವರ್ಣಿಯವರು ಸಂಕಲಿಸಿದ ‘ಸಮಣಸುತ್ತಂ’ನ 756 ಗಾಹೆಗಳನ್ನು ಎಲ್ಲ ಪಂಗಡಗಳ ಮುನಿಗಳೂ ಪಂಡಿತರೂ ಒಟ್ಟಿಗೆ ಕುಳಿತು ಒಪ್ಪಿದರು. ಅಲ್ಲಿ ಯಾರು ಮೊದಲು, ಯಾರು ಅನಂತರ ಎಂಬ ಪ್ರಶ್ನೆಯನ್ನು ಯಾರೂ ಬಿಡಿಸಿರಲಿಲ್ಲ. ನಿರ್ವಾಣದ ವರ್ಷದ ಬಗ್ಗೆ ಇತಿಹಾಸಕಾರರಲ್ಲಿದ್ದ ವಿವಾದವೂ ಹಾಗೆಯೇ ಇತ್ತು; ಉತ್ಸವ ಅದಕ್ಕಾಗಿ ಕಾಯಲಿಲ್ಲ.

ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ವಡ್ಡಾರಾಧನೆಯ ಭದ್ರಬಾಹು ಭಟ್ಟಾರರ ಕಥೆಯನ್ನು ಪಾಠ ಮಾಡುವಾಗ ಚಿಕ್ಕಬೆಟ್ಟದ ಒಂದನೆಯ ಶಾಸನದ ಪೂರ್ಣ ಪಾಠವನ್ನೂ, ಹರಿಷೇಣರ ಕಥೆಯನ್ನೂ, ಶ್ವೇತಾಂಬರರ ನೇಪಾಳದ ವೃತ್ತಾಂತವನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ವಿದ್ಯಾರ್ಥಿಗಳ ಕೈಗೆ ಕೊಡಬಹುದು. ಅದರ ಜೊತೆಗೆ ಇನ್ನೊಂದು ಹಾಳೆಯನ್ನೂ ಸೇರಿಸಬೇಕು. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ದೊರೆತ, ಕದಂಬ ಮೃಗೇಶವರ್ಮನ 5ನೆಯ ಶತಮಾನದ ತಾಮ್ರಪಟವದು. ಆ ಅರಸನು ಕಾಲವಂಗವೆಂಬ ಗ್ರಾಮವನ್ನು ದಾನ ಮಾಡುವಾಗ ಮೂರು ಪಾಲು ಮಾಡಿದನು: ಒಂದು ಪಾಲು ಭಗವಾನ್ ಅರ್ಹಂತನ ಆಲಯಕ್ಕೆ, ಒಂದು ಶ್ವೇತಪಟ ಮಹಾಶ್ರಮಣ ಸಂಘಕ್ಕೆ, ಇನ್ನೊಂದು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೆ. ಎರಡು ಸಂಘಗಳಲ್ಲಿ ಯಾವುದು ಮೊದಲಿನದು ಎಂದು ಆ ಪಟದಲ್ಲಿ ಎಲ್ಲಿಯೂ ಬರೆದಿಲ್ಲ.